ಒಂದು ಗುಡ್ಡಕ್ಕೆ ಮೂರು ಎತ್ತರ

ಪಂಪು ಮಾರುವವನು ‘ಸಣ್ಣ ಪಂಪು ಸಾಕು’ ಎಂದರೆ ಯಾರೂ ನಂಬುವುದಿಲ್ಲ. ದೊಡ್ಡದು ಬೇಕೆಂದರೆ ಲಾಭಕ್ಕೆ ಹೇಳುತ್ತಾನೆ, ಸಣ್ಣದು ಸಾಕೆಂದರೆ ಹಳೇ ಸ್ಟಾಕು ಖಾಲಿ ಮಾಡಲಿಕ್ಕೆ ಹೇಳುತ್ತಾನೆ. ಚೌಕಾಸಿ ಮಾಡಿ ಮೇಲೆ ಬಂದವನು ನಿಜ ಹೇಳಿದರೆ ಜನ ಅದಕ್ಕೂ ಚೌಕಾಸಿ ಮಾಡುತ್ತಾರೆ. ಹೊರಗಿನವರಾಗಿದ್ದರೆ ನಾನು ಮರೆತುಬಿಡುತ್ತಿದ್ದೆ. ಚೌಕಾಸಿ ಮಾಡಿದ್ದು ನನ್ನ ಸ್ವಂತ ಅಕ್ಕನ ಗಂಡ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಬಂಟ್ವಾಳದಲ್ಲಿ ಇನ್ನೊಬ್ಬರ ಅಂಗಡಿಯ ಪೈಪು ಹೊರುತ್ತಿದ್ದೆ. ದಶಕ ಮುಗಿಯುವಾಗ ಅದೇ ರಸ್ತೆಯಲ್ಲಿ ನನ್ನದೇ ಅಂಗಡಿ ಆಗಿತ್ತು. ಬೆಳ್ತಂಗಡಿ ಕಡೆಯ ಗುಡ್ಡಗಳಿಗೂ ಮೂಡುಬಿದಿರೆ ಕಡೆಯ ಪದವು ಎನ್ನುವ ಎತ್ತರದ ಬೋಳು ಬಯಲುಗಳಿಗೂ ನೀರು ಹತ್ತಿಸಿ ಹತ್ತಿಸಿ ನಾನೂ ಸ್ವಲ್ಪ ಹತ್ತಿದೆ. ನಮ್ಮವರು ಹಿಂದೆಲ್ಲ ಬೈಲಿನಲ್ಲಿ, ಅಂದರೆ ಗದ್ದೆಯ ತಗ್ಗಿನಲ್ಲಿ, ಬಾವಿಯ ಪಕ್ಕ ಮನೆ ಕಟ್ಟುತ್ತಿದ್ದರು. ಗಲ್ಫಿನ ದುಡ್ಡು ಬಂದ ಮೇಲೆ ಮನೆಗಳೆಲ್ಲ ಮುರಕಲ್ಲಿನ ಬೋಳು ಪದವಿನ ಮೇಲೆ ಹೋಗಿ ಕುಳಿತವು. ಅಲ್ಲಿಗೆ ಕಾರು ಹೋಗುತ್ತದೆ, ನೀರು ಹೋಗುವುದಿಲ್ಲ. ಹಾಗಾಗಿ ನನಗೆ ವ್ಯಾಪಾರ.

ಅಕ್ಕನ ಹೊಸ ಮನೆಯೂ ಸಿದ್ಧಕಟ್ಟೆಯ ಹತ್ತಿರ ಅಂಥದೇ ಒಂದು ಪದವಿನ ಮೇಲೆ. ಬಾವಿ ಕೆಳಗೆ ಬೈಲಿನಲ್ಲಿ, ಹಳೆಯ ಹಂಚಿನ ಮನೆಯ ಅಂಗಳದಲ್ಲಿ. ಮದುವೆಯಾಗಿ ಹದಿನೈದು ವರ್ಷ ಅತ್ತೆಮನೆಯ ಆ ಕತ್ತಲೆ ಅಡುಗೆಕೋಣೆಯಲ್ಲಿ ಕಳೆದ ಅಕ್ಕನಿಗೆ ಮೇಲಿನ ಮನೆಯ ಮೇಲೆ ಜೀವ. ಗೃಹಪ್ರವೇಶವಾಗಿ ಒಕ್ಕಲು ಆದ ದಿನದಿಂದ ಕೆಳಗಿನ ಬಾವಿಯಿಂದ ಕೊಡದಲ್ಲಿ ನೀರು ಹೊತ್ತಳು. ಮಂಡಿ ನೋವು ಶುರುವಾಗಿತ್ತು. ಪಂಪು ಸರಿಯಾಗಿ ಕೂತರೆ ಮೇಲೆ ಇರುತ್ತಾಳೆ, ಇಲ್ಲದಿದ್ದರೆ ಬೇಸಿಗೆಗೆ ಕೆಳಗೆ ಇಳಿಯಲೇಬೇಕು.

ಭಾವ ಗಲ್ಫಿನಿಂದ ರಜೆಯಲ್ಲಿ ಬಂದವರು ಈ ಸಲ ಒಂದು ಜಿಪಿಎಸ್ ತಂದಿದ್ದರು. ಮೊಬೈಲಿಗಿಂತ ದಪ್ಪ, ಬೆಲ್ಟಿಗೆ ಸಿಕ್ಕಿಸುವಂಥದ್ದು. ಬಾವಿಯಿಂದ ಮನೆಯವರೆಗೆ ಕಾಲುದಾರಿಯಲ್ಲಿ ನಡೆದು ಬಂದು, “ಇನ್ನೂರು ಅಡಿ ಏರು ಉಂಟು, ನೋಡು” ಎಂದರು.

ನಾನು ಅದರ ಹಿಂದಿನ ದಿನವೇ ಅಳೆದಿದ್ದೆ. ನೀರು ತುಂಬಿದ ಪಾರದರ್ಶಕ ಟ್ಯೂಬು, ಎರಡು ಕೋಲು, ಮೇಸ್ತ್ರಿಗಳು ಪಾಯ ಮಟ್ಟ ಮಾಡುವಾಗ ಹಿಡಿಯುತ್ತಾರಲ್ಲ, ಅದೇ. ಹಂತಹಂತವಾಗಿ ಹತ್ತಿಸಿದರೆ ನೂರು ಅಡಿಗೂ ಸ್ವಲ್ಪ ಕಡಿಮೆ.

“ಭಾವ, ನೀವು ನಡೆದ ದಾರಿ ನೀರು ಹರಿಯುವ ತೋಡಿಗೆ ಇಳಿದು ಹತ್ತುತ್ತದೆ. ಆಮೇಲೆ ಕಲ್ಲು ಕಡಿದ ಕೋರೆಯ ಹೊಂಡಕ್ಕೆ ಇಳಿದು ಪುನಃ ಹತ್ತುತ್ತದೆ. ಇದು ಹತ್ತಿದ್ದನ್ನೆಲ್ಲ ಕೂಡಿಸ್ತದೆ, ಇಳಿದದ್ದನ್ನು ಕಳೆಯುವುದಿಲ್ಲ. ನೀರಿಗೆ ಆ ಲೆಕ್ಕ ಬೇಡ. ಪೈಪಿನಲ್ಲಿ ಇಳಿಯುವ ನೀರು ಹತ್ತುವ ನೀರನ್ನು ತಳ್ಳಿ ಕೊಡ್ತದೆ.”

“ನೀನು ಹೇಳುವುದು ನೋಡಿದರೆ ಮೇಲಿನಿಂದ ಬರುವ ಉಪಗ್ರಹಕ್ಕಿಂತ ನಿನ್ನ ಟ್ಯೂಬೇ ದೊಡ್ಡದು ಮಾರಾಯ.”

ಅಕ್ಕ ಚಹಾ ತಂದಳು. ಜಗಲಿಯ ಮೇಲೆ ಇಟ್ಟಿದ್ದ ಆ ಯಂತ್ರದ ಮೇಲೆಯೇ ನನ್ನ ಕಣ್ಣು. ಚಹಾ ಮುಗಿಯುವಷ್ಟರಲ್ಲಿ, ಯಾರೂ ಮುಟ್ಟದೆ, ಏರಿನ ಅಂಕಿ ಇನ್ನೂ ಮೇಲೆ ಹೋಗಿತ್ತು. ಉಪಗ್ರಹದಿಂದ ಸಿಗುವ ಎತ್ತರ ನಿಂತಲ್ಲೇ ಸ್ವಲ್ಪ ಮೇಲೆ ಕೆಳಗೆ ಅಲುಗುತ್ತಿರುತ್ತದೆ. ಅಲುಗಿದ್ದರಲ್ಲಿ ಮೇಲೆ ಹೋದದ್ದನ್ನೆಲ್ಲ ಆ ಯಂತ್ರ ಏರು ಎಂದೇ ಹಿಡಿದುಕೊಂಡಿತ್ತು.

“ಭಾವ, ನಿಮ್ಮ ಜಗಲಿಯೂ ಗುಡ್ಡ ಹತ್ತುತ್ತಾ ಉಂಟಲ್ಲ!” ಎಂದೆ.

ಪ್ಲಾಸ್ಟರು ಮಾಡುತ್ತಿದ್ದ ಕೆಲಸದವರು ನಕ್ಕರು. ಭಾವ ನಗಲಿಲ್ಲ. ಕೆಲಸದವರ ಎದುರು ನಾನು ಹಾಗೆ ನಗೆಯಾಡಿದ್ದು ತಪ್ಪೆಂದು ಅಕ್ಕ ಆಮೇಲೆ ಹೇಳಿದ್ದುಂಟು. ನನಗೆ ಇಂದಿಗೂ ಹಾಗೆ ಅನಿಸುವುದಿಲ್ಲ.

ಮರುದಿನ ಭಾವ ಮೂಡುಬಿದಿರೆಯ ಸೈಬರ್ ಸೆಂಟರಿಗೆ ಹೋಗಿ ಕಂಪ್ಯೂಟರಿನ ಭೂಪಟದಲ್ಲಿ ಅದೇ ದಾರಿಗೆ ಗೆರೆ ಎಳೆಸಿದರು. ಅದು ನೂರ ಮೂವತ್ತು ಅಡಿ ಎಂದಿತು. ಅದೂ ತಪ್ಪೆಂದು ನಾನು ಹೇಳುವುದಿಲ್ಲ. ಆ ಭೂಪಟ ನೆಲವನ್ನು ದೊಡ್ಡ ದೊಡ್ಡ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೆ ಒಂದೊಂದು ಎತ್ತರ ಇಟ್ಟುಕೊಂಡಿರುತ್ತದೆ. ಒಂದು ಚೌಕದೊಳಗೆ ನಮ್ಮ ತೋಡು, ಕೋರೆ ಎಲ್ಲ ಮುಳುಗಿಹೋಗುತ್ತವೆ. ದಟ್ಟ ಮರಗಳಿದ್ದಲ್ಲಿ ಮರದ ತಲೆಯನ್ನೇ ನೆಲ ಎಂದುಕೊಳ್ಳುವುದೂ ಉಂಟು. ಇದನ್ನೆಲ್ಲ ಒಬ್ಬ ಸರ್ವೆಯವನಿಗೆ ಊಟ ಹಾಕಿಸಿ ಕೇಳಿ ತಿಳಿದುಕೊಂಡೆ. ನೀವೂ ಕೇಳಿಟ್ಟುಕೊಳ್ಳಿ: ನಡೆದವನ ಕಾಲಿಗೆ ಬೇಕಾದ ಲೆಕ್ಕ ಬೇರೆ, ಪಂಪಿಗೆ ಬೇಕಾದ ಲೆಕ್ಕ ಬೇರೆ. ಬಾವಿಯ ನೀರಿನ ಮಟ್ಟದಿಂದ ಟ್ಯಾಂಕಿಯ ಬಾಯಿಗೆ ನೆಟ್ಟಗೆ ಎಷ್ಟು ಎತ್ತರ, ಅದಕ್ಕೆ ಪೈಪಿನ ಉಜ್ಜಾಟಕ್ಕೆಂದು ಒಂದಿಷ್ಟು ಸೇರಿಸಿದರೆ ಮುಗಿಯಿತು.

“ಅದೇ ದಾರಿ, ನಿಮ್ಮದೇ ಎರಡು ಲೆಕ್ಕ. ಒಂದಕ್ಕೊಂದು ಸೇರುವುದಿಲ್ಲ. ಈಗಾದರೂ ನನ್ನ ಮಾತು ಕೇಳಿ ಭಾವ.”

“ಮೂರರಲ್ಲಿ ಕಡಿಮೆ ನಿನ್ನದೇ. ನಿನ್ನ ಅಂಗಡಿಯಲ್ಲಿ ಧೂಳು ಹಿಡಿದ ಸಣ್ಣ ಪಂಪು ಉಂಟಲ್ಲ, ಅದನ್ನು ನನ್ನ ತಲೆಗೆ ಕಟ್ಟಲಿಕ್ಕೆ ನೋಡ್ತೀಯಾ?”

“ದೊಡ್ಡದು ಮಾರಿದರೆ ನನಗೆ ಲಾಭ ಜಾಸ್ತಿ.”

“ಹಾಗೆ ಹೇಳಿಯೇ ನೀನು ಅಂಗಡಿ ಕಟ್ಟಿದ್ದು. ನನಗೆ ಗೊತ್ತಿಲ್ವಾ?”

ನಾನು ಅಕ್ಕನ ಮುಖ ನೋಡಿದೆ. ಅವಳು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು.

ಭಾವ ಮೂಡುಬಿದಿರೆಯಲ್ಲೇ ದೊಡ್ಡ ಪಂಪು ಕೊಂಡರು. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ಲವೇ ಎನ್ನುತ್ತೀರಿ. ಅಲ್ಲ. ಇನ್ನೂರು ಅಡಿಗೆಂದು ಮಾಡಿದ ಪಂಪನ್ನು ನೂರಕ್ಕೆ ಇಟ್ಟರೆ, ಎದುರು ಭಾರವಿಲ್ಲದೆ ಅದು ಹುಚ್ಚು ಹಿಡಿದಂತೆ ನೀರೆಳೆಯುತ್ತದೆ. ಮೋಟಾರು ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ತಿಂದು ಬಿಸಿಯಾಗುತ್ತದೆ. ಮೊದಲ ದಿನ ಟ್ಯಾಂಕಿ ಗಳಿಗೆಯಲ್ಲಿ ತುಂಬಿತು. ಭಾವ ಫೋನು ಮಾಡಿ, “ಬಂದು ನೋಡು ಮಾರಾಯ, ನಿನ್ನ ಟ್ಯೂಬು ಎಲ್ಲಿ ಉಂಟು ಈಗ?” ಎಂದರು. ನಾನು ಹೋಗಲಿಲ್ಲ. ವಾರದೊಳಗೆ ಅವರು ವಿಮಾನ ಹತ್ತಿದರು.

ಬೇಸಿಗೆ ಬಂತು. ಬಾವಿಯ ಒರತೆ ಸಣ್ಣದಾಯಿತು, ಪಂಪಿನ ಹಸಿವು ಸಣ್ಣದಾಗಲಿಲ್ಲ. ಕೆಸರು ಎಳೆಯಿತು, ಟ್ಯಾಂಕಿಗೆ ಕೆಂಪು ನೀರು ಬಂತು, ಒಂದು ಸಂಜೆ ವೋಲ್ಟೇಜು ಇಳಿದಾಗ ಮೋಟಾರು ಸುಟ್ಟಿತು. ಸುದ್ದಿ ತಂದದ್ದು ಆ ಕಡೆಯ ಒಬ್ಬ ಗಿರಾಕಿ, ಅಕ್ಕ ಅಲ್ಲ.

ನಾನು ಸಣ್ಣ ಪಂಪನ್ನು ಜೀಪಿನಲ್ಲಿ ಹಾಕಿಕೊಂಡು ಹೋದೆ. ಅಕ್ಕ ಕೊಡ ಹೊತ್ತು ಕೋರೆಯ ಅಂಚಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು.

“ಅಕ್ಕ, ಇದನ್ನು ಇವತ್ತೇ ಕೂರಿಸ್ತೇನೆ. ಸಂಜೆಗೆ ನೀರು ಬರ್ತದೆ.”

“ಬೇಡ. ಅವರು ಬಂದ ಮೇಲೆ ನೋಡುವ.”

“ಅವರು ಬರ್ಲಿಕ್ಕೆ ಇನ್ನೂ ಎರಡು ವರ್ಷ ಉಂಟು!”

“ನೀನು ಕೂರಿಸಿದ ಪಂಪಿನಲ್ಲಿ ನೀರು ಬಂದರೆ ಊರಿಡೀ ಎಂತ ಹೇಳ್ತದೆ? ಗಂಡನಿಗೆ ಬುದ್ಧಿ ಇಲ್ಲ, ತಮ್ಮನಿಗೆ ಉಂಟು ಅಂತ. ಅವರಿಗೆ ಮರುಭೂಮಿಯಲ್ಲಿ ಬೆವರು ಸುರಿಸಿ ಇದನ್ನು ಕೇಳ್ಲಿಕ್ಕೆ ಉಂಟಾ?”

“ನಿನ್ನ ಮಂಡಿ?”

“ಮಂಡಿ ನನ್ನದಲ್ವಾ? ನಿನಗೆ ಗೆದ್ದಾಯ್ತು, ಇನ್ನು ಹೋಗು.”

ಅವಳ ಕೈಯಿಂದ ಕೊಡ ತೆಗೆದುಕೊಳ್ಳಲು ಹೋದೆ. ಕೊಡಲಿಲ್ಲ.

ನಾನು ಎಂಥೆಂಥವರನ್ನೋ ಮಾತಿನಲ್ಲಿ ಬಗ್ಗಿಸಿದವನು. ಬಿಟ್ಟಿ ಕೊಟ್ಟದ್ದನ್ನೂ ಬೇಡ ಎನ್ನುವವರ ಎದುರು ಚೌಕಾಸಿ ಮಾಡುವುದು ಮಾತ್ರ ಹೇಗೆಂದು ಗೊತ್ತಾಗಲಿಲ್ಲ. ಪಂಪು ಜೀಪಿನಲ್ಲೇ ವಾಪಸು ಬಂತು. ಮಳೆ ಶುರುವಾಗುವ ಮೊದಲೇ ಅಕ್ಕ ಹಂಚಿನ ಮನೆಗೆ ಇಳಿದಳು. ಮೇಲಿನ ಮನೆಗೆ ಬೀಗ ಬಿತ್ತು. ಪದವಿನಲ್ಲಿ ನೀರಿಲ್ಲ, ಇಳಿದದ್ದು ಒಳ್ಳೆಯದಾಯಿತು ಎಂದರು ಜನ.

ಈಗಲೂ ಯಾರ ಮನೆಯ ಹೆಂಗಸರಾದರೂ ಅಂಗಡಿಗೆ ಬಂದು ಎತ್ತರ ಅಳೆದುಕೊಡಿ ಎಂದರೆ, ಟ್ಯೂಬು ತೆಗೆಯುವ ಮೊದಲು ನಾನು ಕೇಳುವುದು ಒಂದೇ: ಯಜಮಾನರು ಊರಲ್ಲಿ ಇದ್ದಾರಾ?