ಗಾಡಿ ಫ್ರೀ ಎಂದವನು

ರಾಮನಗರದಲ್ಲಿ ನಾನು ಆಂಬುಲೆನ್ಸ್ ಓಡಿಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನು; ಆ ಗಾಡಿಯ ಸ್ಟೇರಿಂಗ್ ಹಿಡಿದ ಮೇಲೆ ಡಾಕ್ಟರಿಗಿಂತ ಒಂದು ಕೈ ಮೇಲೆಂದೇ ತಿಳಿದಿದ್ದೆ. ಹಿಂದೆ ರೋಗಿಯ ಜೊತೆ ಕೂರುತ್ತಿದ್ದ ನರ್ಸು ಬೈರಾಪಟ್ಟಣದ ಹುಡುಗಿ, ನನ್ನ ಮಗಳ ವಯಸ್ಸು. ಅವಳ ವಿಷಯದಲ್ಲಿ ನಾನು ಮಾಡಿದ್ದು ಸರಿಯಲ್ಲ.

ನಮ್ಮ ಕೆಲಸದ ಪದ್ಧತಿ ಹೀಗೆ: ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸಿ, ಗಾಡಿ ತೊಳೆದು, ಸಾಮಾನು ಜೋಡಿಸಿದ ಮೇಲೆ ಕಂಟ್ರೋಲ್ ರೂಮಿಗೆ ‘ಗಾಡಿ ಫ್ರೀ’ ಎಂದು ಫೋನ್ ಮಾಡಬೇಕು. ಹಾಗೆಂದ ಕೂಡಲೇ ಮುಂದಿನ ಕರೆ ಬರುತ್ತಿತ್ತು. ನಾನೋ, ಸ್ಟ್ರೆಚರ್ ಇಳಿಯುವುದರೊಳಗೆ ಫ್ರೀ ಎಂದುಬಿಡುತ್ತಿದ್ದೆ. ನನ್ನಷ್ಟು ಚುರುಕಿನ ಡ್ರೈವರ್ ಇಲ್ಲವೆಂದು ಕಂಟ್ರೋಲ್ ರೂಮಿನವರು ಹೊಗಳಿದರೆ ಉಬ್ಬಿಹೋಗುತ್ತಿದ್ದೆ. ಹುಡುಗಿ ರಕ್ತ ಒರೆಸುತ್ತಲೇ ಮುಂದಿನ ಊರಿಗೆ ಹೊರಡುತ್ತಿದ್ದಳು. ಅವಳ ಊಟದ ಡಬ್ಬಿಯ ಮುದ್ದೆ ಸಂಜೆಗೆ ಕಲ್ಲಾಗಿರುತ್ತಿತ್ತು.

“ಅಣ್ಣ, ನಿಮ್ಮ ಮದ್ವೇಲೂ ತಾಳಿ ಕಟ್ಟಿದ ತಕ್ಷಣ ಫ್ರೀ ಅಂತ ಫೋನ್ ಮಾಡಿದ್ರಾ?” ಎಂದು ರೇಗಿಸುತ್ತಿದ್ದಳು.

“ಆವಾಗ ಫೋನ್ ಎಲ್ಲಿತ್ತವ್ವ? ಇದ್ದಿದ್ರೆ ಮಾಡ್ಬುಡ್ತಿದ್ದೆ.”

ಬರಬರುತ್ತಾ ಅವಳು ರೇಗಿಸುವುದನ್ನೇ ಬಿಟ್ಟಳು. ಈ ತಿಂಗಳಿಗೆ ಕೆಲಸ ಬಿಡುತ್ತೇನೆ ಎಂದಳು. “ಮದ್ವೆ ಗೊತ್ತಾಯ್ತೇನವ್ವ?” ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಆ ವಾರವೇ ಕೈಲಾಂಚದ ಕಡೆಯ ಬಸುರಿಯೊಬ್ಬಳಿಗೆ ಗಾಡಿಯಲ್ಲೇ ಹೆರಿಗೆಯಾಯಿತು. ಹುಡುಗಿ ಅಚ್ಚುಕಟ್ಟಾಗಿ ಹೆರಿಗೆ ಮಾಡಿಸಿ, ತಾಯಿ ಮಗುವನ್ನು ವಾರ್ಡಿಗೆ ಒಪ್ಪಿಸಿ ಬಂದು ಗಾಡಿಯ ಮೆಟ್ಟಿಲ ಮೇಲೆ ಕುಳಿತಳು. ನಾನಾಗಲೇ ಫೋನ್ ಕೈಗೆತ್ತಿಕೊಂಡಿದ್ದೆ.

“ಗಂಡೋ ಹೆಣ್ಣೋ? ಒಸಿ ಸ್ವೀಟ್ ಕೇಳುವ.”

ಅವಳು ಸುಮಾರು ಹೊತ್ತು ಯೋಚಿಸಿದಳು. “ಗೊತ್ತಿಲ್ಲ ಅಣ್ಣ. ಈಗ್ ತಾನೆ ಕೈಯಲ್ಲಿ ಹಿಡ್ದಿದ್ದೆ. ಒಳಗಡೆ ಸಿಸ್ಟರ್‌ಗೂ ಹೇಳ್ಬಂದೆ. ಜ್ಞಾಪಕಕ್ಕೇ ಬತ್ತಿಲ್ಲ.”

ತಮಾಷೆ ಎಂದುಕೊಂಡು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

ಫೋನನ್ನು ಜೇಬಿಗೆ ಹಾಕಿ ಬಕೆಟ್ ತಂದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಗಾಡಿಯನ್ನು ಮೂಲೆಮೂಲೆ ಬಿಡದೆ ತೊಳೆದೆ. ಅವಳು ಗೋಡೆಯ ನೆರಳಿನಲ್ಲಿ ಕುಳಿತು ಉಂಡಳು. ಅಲ್ಲಿಂದಾಚೆಗೆ ಪ್ರತಿ ಸಲವೂ ಹಾಗೆಯೇ ಮಾಡಿದೆ. ಹೊಗಳಿಕೆ ನಿಂತಿತು. “ವಯಸ್ಸಾಯ್ತಾ ಯಜಮಾನ್ರೇ?” ಎಂದು ಕಂಟ್ರೋಲ್ ರೂಮಿನವರು ಕೇಳಿದರೆ, “ಊಂ ಸ್ವಾಮಿ, ಆಯ್ತು” ಎನ್ನುತ್ತಿದ್ದೆ.

ತಿಂಗಳು ಮುಗಿದ ದಿನ ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಾಗ, “ನಾನೀಗ ಸರಿಹೋಗಿವ್ನಲ್ಲವ್ವ, ಇದ್ಬುಡು” ಎಂದು ಬೇಡಿದೆ.

“ನೀವೇನೋ ಸರಿಹೋದ್ರಿ. ನಾನಿನ್ನೂ ಸರಿಹೋಗ್ಬೇಕಲ್ಲ ಅಣ್ಣ,” ಎಂದಳು. ಆಮೇಲೆ ಹಳೆಯ ದನಿಯಲ್ಲೇ, “ಹೊಸಬಳು ಬಂದ್ರೆ ಊಟಕ್ಕೆ ಬುಡಿ. ಇಲ್ಲಾಂದ್ರೆ ನಿಮ್ಮನೇಲಿ ಅಕ್ಕಂಗೆ ಹೇಳಿ ನಿಮ್ಮ ಊಟ ನಿಲ್ಲಿಸ್ತೀನಿ.”

ಅವಳ ಊರ ಕಡೆಗೆ ಹೋಗುವ ಚನ್ನಪಟ್ಟಣದ ಬಸ್ಸು ಬಂತು. ಅವಳು ಹತ್ತಿದಳು. ಸೀಟು ಸಿಕ್ಕಿತೋ ಇಲ್ಲವೋ ಎಂದು ಬಗ್ಗಿ ನೋಡಿದೆ. ಕಿಟಕಿಯ ಪಕ್ಕ ಸಿಕ್ಕಿತ್ತು. ಬಸ್ಸು ಹೊರಡುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.