ಮುರುಗೆವ್ವನ ವಾಶ್

ಗೋವಾದ ಕಲಂಗುಟ್‌ನಲ್ಲಿ ನನ್ನ ಕಿರಾಣಿ ಅಂಗಡಿಯ ಎದುರಿಗೆ ಒಂದು ಬಾವಿ ಇದೆ. ಅದರ ಪಕ್ಕದ ತಗಡಿನ ಮಾಡಿನ ಕೆಳಗೆ ಮುರುಗೆವ್ವ ಬಟ್ಟೆ ಒಗೆಯುತ್ತಾಳೆ. ಮೊದಲು ಅವಳು ಸಮುದ್ರದ ದಂಡೆಯ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆ, ಟವೆಲ್ಲು ಒಗೆಯುವ ಕೆಲಸಕ್ಕಿದ್ದಳು. ಹೋಟೆಲಿನವರು ಆ ಕೆಲಸವನ್ನು ಯಾವುದೋ ದೊಡ್ಡ ಮಷೀನಿನ ಲಾಂಡ್ರಿಗೆ ವಹಿಸಿಕೊಟ್ಟ ಮೇಲೆ, ತಾನಿದ್ದ ಬಾಡಿಗೆ ಮನೆಯ ಅಂಗಳದಲ್ಲೇ ಸ್ವಂತ ಕೆಲಸ ಶುರುಮಾಡಿದಳು. ಅವಳದು ವಿಜಾಪುರ ಜಿಲ್ಲೆಯ ಇಂಡಿ ಊರಿನ ಕಡೆಯ ಹಳ್ಳಿ. ನಮ್ಮದು ಧಾರವಾಡ, ನನ್ನ ತಂದೆ ಇಲ್ಲಿಗೆ ಬಂದು ಅಂಗಡಿ ಇಟ್ಟವರು. ಹೀಗಾಗಿ ಸಾಬೂನು, ನೀಲಿ ಒಯ್ಯಲು ಬಂದಾಗಲೆಲ್ಲ ಅವಳು ಎರಡು ಮಾತು ಕನ್ನಡದಲ್ಲಿ ಆಡಿಯೇ ಹೋಗುವುದು.

ಅವಳ ಗಂಡ ಕರೆಪ್ಪ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಹೆಂಡತಿಯ ಹೊಸ ಕೆಲಸಕ್ಕೊಂದು ಬೋರ್ಡು ಬೇಕೆಂದು ಹಳೆಯ ಹಲಗೆ ತಂದು, ಬಣ್ಣದ ಡಬ್ಬಿಯೊಂದನ್ನು ಎದುರಿಗಿಟ್ಟುಕೊಂಡು ಕೂತ. ತೊಳೆದರೂ ಹೋಗದ ಬಣ್ಣ ಎಂಬ ಅರ್ಥಕ್ಕೆ ಆ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ 'ವಾಶೆಬಲ್' ಎಂದು ಬರೆದಿರುತ್ತದಲ್ಲ, ಅದನ್ನೇ ನೋಡಿ ನೋಡಿ ಬರೆದ. ನಾಲ್ಕು ಅಕ್ಷರಕ್ಕೆ ಹಲಗೆ ತೀರಿತು.

"ಏನಂತ ಓದೂದ್ರಿ ಅದನ್ನ?" ಎಂದು ಮುರುಗೆವ್ವ ನನ್ನನ್ನು ಕೇಳಿದಳು.

"ವಾಶ್," ಎಂದೆ.

"ಅಷ್ಟ ಸಾಕ್ ಬಿಡ್ರಿ. ಹೋಟೆಲ್ದಾಗೂ ಅದನ್ನ ಅಂತಿದ್ರು."

ಆ ಒಂದೇ ಮಾತು ಅವಳ ಅಂಗಳಕ್ಕೆ ಯಾರ್ಯಾರನ್ನೋ ಕರೆತಂದಿತು. ಬಟ್ಟೆಯವರು ಬಂದರು, ಸರಿ. ಕಾಲಿಗೆ ಮರಳು ಮೆತ್ತಿಕೊಂಡ ಪ್ರವಾಸಿಗರು ಬಂದು ಕಾಲು ಮುಂದೆ ಚಾಚಿದರು. ಬಾಡಿಗೆ ಸ್ಕೂಟರಿನ ಅಂಗಡಿಯವನು ಕೆಸರಾದ ಗಾಡಿಗಳನ್ನು ತಂದು ನಿಲ್ಲಿಸಿದ. ಒಬ್ಬಳು ಬಿಳಿಯ ಹೆಂಗಸು ಅವಸರದಿಂದ ಬಂದು, ಒಗೆಯುವ ಕಲ್ಲನ್ನೂ ಬಾವಿಯನ್ನೂ ನೋಡಿ, ಬಾಗಿಲಿರುವ ಕೋಣೆ ಎಲ್ಲೂ ಕಾಣದೆ ಕಂಗಾಲಾದಳು. ಮುರುಗೆವ್ವ ಅವಳ ಮುಖ ನೋಡಿಯೇ ವಿಷಯ ತಿಳಿದು, ಕೈ ಹಿಡಿದು ತನ್ನ ಮನೆಯ ಹಿತ್ತಲಿಗೆ ಕರೆದೊಯ್ದಳು.

ಅಂದು ಸಂಜೆ ಅಂಗಡಿಗೆ ಬಂದವಳು ಕಟ್ಟೆಯ ಮೇಲೆ ಕೂತು ನಕ್ಕಳು.

"ಗುರುಪಾದಣ್ಣಾರ, ಈ ಮಂದಿಗೆ ಎಲ್ಲಾಕ್ಕೂ ಒಂದ ಮಾತೇನ್ರಿ?"

"ಹೌದವಾ. ಕೈ ತೊಳಿಯೂದು ವಾಶ್‌ಬೇಸಿನ್, ಆ ಬಿಳಿ ಹೆಂಗಸು ಹುಡುಕಿದ್ದು ವಾಶ್‌ರೂಮ್. ಕರೆಪ್ಪ ಸುಣ್ಣ ಹಚ್ಚಿದ್ರ ವೈಟ್‌ವಾಶ್. ಮಳಿ ಬಂದು ಆಟ ನಿಂತ್ರ ವಾಶ್‌ಔಟ್. ಯಾರರ ತಲಿ ಕೆಡಿಸಿದ್ರ ಬ್ರೇನ್‌ವಾಶ್."

"ತಲಿಯೊಳಗಿಂದ ತೊಳಿತಾರಂತೇನು! ನಮ್ಮತ್ತಿ ದಿನಾ ಮಾಡತಿದ್ಲಲ್ರಿ ನಮ್ಮವರಿಗೆ!" ಎಂದು ಮತ್ತೂ ನಕ್ಕಳು. "ನಮ್ಮಲ್ಲಿ ನೋಡ್ರಿ. ಅರಿವಿ ಒಗಿತೇವಿ. ಭಾಂಡೆ ತಿಕ್ಕತೇವಿ. ಮಾರಿ ತೊಳಕೋತೇವಿ. ನೆಲ ಸಾರಸತೇವಿ. ಒಂದೊಂದಕ್ಕ ಒಂದೊಂದು ಕೈ, ಒಂದೊಂದು ಮಾತು."

"ಕೂಸಿಗೆ ಎರಿತೇವಿ," ಎಂದು ನಾನೂ ಒಂದು ಸೇರಿಸಿದೆ.

ಅವಳ ನಗು ನಿಂತಿತು. ಸಾಬೂನಿನ ಚೀಲ ಎತ್ತಿಕೊಂಡು, "ಒಲಿಮ್ಯಾಗ ಅನ್ನ ಇಟ್ಟೇನ್ರಿ," ಎಂದು ಹೊರಟೇಹೋದಳು. ನಾನೇನು ತಪ್ಪು ಮಾತಾಡಿದೆನೋ ಎಂದು ಅಂದು ನನಗೆ ತಿಳಿಯಲಿಲ್ಲ.

ತಿಳಿದದ್ದು ಮಳೆಗಾಲ ಕಳೆದ ಮೇಲೆ. ಒಂದು ಮುಂಜಾನೆ ಈಶಾನ್ಯದ ಕಡೆಯ ಒಬ್ಬ ಹುಡುಗಿ ಎದೆಗೆ ಬಟ್ಟೆಯ ಗಂಟೊಂದನ್ನು ಅವಚಿಕೊಂಡು ಬೋರ್ಡಿನ ಕೆಳಗೆ ಬಂದು ನಿಂತಳು. ಮುರುಗೆವ್ವ ಒಗೆಯುವ ಕಲ್ಲಿನ ಮುಂದೆ ಬಗ್ಗಿದ್ದಳು.

"ವಾಶ್?" ಎಂದಳು ಹುಡುಗಿ.

"ವಾಶ್, ವಾಶ್. ಟುಮಾರೋ," ಎಂದು ಮುರುಗೆವ್ವ ಕೈಯ ನೊರೆ ಸೆರಗಿಗೆ ಒರೆಸಿ ಗಂಟು ಇಸಿದುಕೊಂಡಳು. ಗಂಟು ಬೆಚ್ಚಗಿತ್ತು. ಒಳಗಿಂದ ಒಂದು ಪುಟ್ಟ ಪಾದ ಹೊರಬಂದು ಅವಳ ಮಣಿಕಟ್ಟಿಗೆ ಒದೆಯಿತು.

ಮುರುಗೆವ್ವ ಕೂಗಿದ ಕೂಗಿಗೆ ನಾನು ತಕ್ಕಡಿ ಬಿಟ್ಟು ಓಡಿದೆ. ಅವಳು ಕೂಸನ್ನು ತೋಳಳತೆ ದೂರ ಹಿಡಿದು ನಿಂತಿದ್ದಳು. "ಅಣ್ಣಾರ, ಈಕಿಗೆ ಹೇಳ್ರಿ. ನಾ ಮಾಡಂಗಿಲ್ಲ. ಅರಿವಿ ಇದ್ರ ಕೊಡ ಅನ್ರಿ, ಕೂಸು ಬ್ಯಾಡ."

ನಾನು ಹುಡುಗಿಯೊಡನೆ ಇಂಗ್ಲಿಷಿನಲ್ಲಿ ಮಾತಾಡಿದೆ. ಹೆಸರು ರುವಾತಿ, ಊರು ಮಿಜೋರಾಮ್. ಇಲ್ಲಿ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ಪಣಜಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಹೊಟ್ಟೆ ಕೊಯ್ದು ಹೆರಿಗೆಯಾಗಿತ್ತು. ಬಾಣಂತನಕ್ಕೆ ಬರಬೇಕಿದ್ದ ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡು ಊರಲ್ಲೇ ಉಳಿದಿದ್ದರು. ಒಮ್ಮೆ ಬಕೆಟ್ಟಿನಲ್ಲಿ ಸ್ನಾನ ಮಾಡಿಸುವಾಗ ಕೂಸು ಕೈಯಿಂದ ಜಾರಿತ್ತು. ಅವತ್ತಿನಿಂದ ಅವಳಿಗೆ ನೀರು ಮುಟ್ಟಿಸಲೇ ಭಯ. ಈ ಅಂಗಳದಲ್ಲಿ ಹೆಂಗಸೊಬ್ಬಳು ದಿನವೂ ಏನೇನನ್ನೋ ತೊಳೆಯುವುದನ್ನು ನೋಡಿ, ಬೋರ್ಡು ಓದಿ ಬಂದಿದ್ದಳು.

ನಾನು ಇದನ್ನೆಲ್ಲ ಹೇಳಿದರೂ ಮುರುಗೆವ್ವ ತಲೆ ಅಲ್ಲಾಡಿಸಿದಳು. ರುವಾತಿಗೆ ಕನ್ನಡ ತಿಳಿಯದಿದ್ದರೂ ತಲೆ ಅಲ್ಲಾಡಿಸಿದ್ದು ತಿಳಿಯಿತು. ಅವಳು ಬಾವಿಯ ಕಟ್ಟೆಯ ಮೇಲೆ ಕೂತು ಸದ್ದಿಲ್ಲದೆ ಅಳತೊಡಗಿದಳು.

"ಯಾಕವಾ ಒಲ್ಲೆ ಅಂತಿ? ನಿನಗ ಬರಂಗಿಲ್ಲೇನು?" ಎಂದು ಕೇಳಿದೆ.

"ಬರಂಗಿಲ್ಲೇನ್ರಿ? ನಮ್ಮ ಓಣ್ಯಾಗ ಹುಟ್ಟಿದ ಕೂಸಿಗೆಲ್ಲಾ ನಾನ ಎರಿತಿದ್ದೆ." ದನಿ ತಗ್ಗಿಸಿದಳು. "ನನ್ನ ಮೈದುನನ ಕೂಸಿಗೆ ಮುಂಜಾನೆ ಎರದೆ. ಸಂಜಿಗೆ ಮೈ ಸುಡಾಕತ್ತು. ವಿಜಾಪುರಕ್ಕ ಒಯ್ಯೂದರಾಗ ಹೋತ್ರಿ. ಹುಟ್ಟಿದಾಗಿಂದ ಎದಿಯೊಳಗ ತೂತಿತ್ತು ಅಂತ ಡಾಕ್ಟರ್ ಹೇಳಿದ್ರು. ಆದ್ರ ಮಂದಿ ಕೇಳಬೇಕಲ್ರಿ? ಮುರುಗಿ ಕೈಗುಣ ಚಲೋ ಇಲ್ಲ ಅಂದ್ರು. ಆ ಕೂಸಿನ ತಾಯಿ, ನಮ್ಮ ನೆಗೆಣ್ಣಿನೂ ಅಂದ್ಲು. ಅಕ್ಕಪಕ್ಕದವರು ನನ್ನ ಕಂಡ್ರ ಕೂಸು ಮುಚ್ಚಿಕೊಳ್ಳಾಕತ್ತಿದ್ರು. ಅದಕ್ಕ ಊರು ಬಿಟ್ಟು ಬಂದ್ವಿ."

ಮದುವೆ ಮಾಡಿಕೊಟ್ಟ ಸ್ವಂತ ಮಗಳು ಬಾಣಂತನಕ್ಕೆ ಇಲ್ಲಿಗೆ ಬಂದಾಗಲೂ ನೀರು ಕಾಯಿಸಿ ಕೊಟ್ಟು, ಎರೆಯಲು ಪಕ್ಕದ ಮನೆಯವಳನ್ನು ಕರೆದು, ತಾನು ಹೊರಗೆ ಹೋಗಿ ನಿಲ್ಲುತ್ತಿದ್ದಳಂತೆ. ಡಾಕ್ಟರು ಹೇಳಿದ್ದೇ ಖರೆ ಎಂದು ನಾನು ಹೇಳಬಹುದಿತ್ತು, ಆದರೆ ಅದು ಅವಳಿಗೂ ಗೊತ್ತಿದ್ದ ಮಾತು.

ಅಷ್ಟರಲ್ಲಿ ಕೂಸು ಅಳತೊಡಗಿತು. ಮುರುಗೆವ್ವ ಅದನ್ನು ಹೆಗಲಿಗೆ ಹಾಕಿಕೊಳ್ಳಲು ಹೋದಾಗ ಕತ್ತಿನ ಮಡಿಕೆ ಕಾಣಿಸಿತು. ಅಲ್ಲಿ ಹಾಲು ಒಡೆದು ಕೂತು, ಚರ್ಮ ಕೆಂಪಗೆ ಹಸಿಯಾಗಿತ್ತು. ಕಂಕುಳಲ್ಲೂ ಹಾಗೇ.

"ಅಯ್ಯ ನಮ್ಮವ್ವ, ಇದೇನಿದು!" ಎಂದಳು. ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಕೂಸಿನ ಮುಖ ನೋಡಿದಳು, ಕಟ್ಟೆಯ ಮೇಲೆ ಕೂತವಳ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಜಗಳಕ್ಕೆ ಬಂದವಳ ಹಾಗೆ, "ನೋಡ್ಕೋತ ನಿಂತೀರೇನ್ರಿ? ಒಲಿಮ್ಯಾಗ ನೀರಿಡ್ರಿ. ಅಂಗಡ್ಯಾಗಿನ ಕೊಬ್ಬರಿ ಎಣ್ಣಿ ತರ್ರಿ," ಎಂದಳು.

ಅವಳು ಎರೆದದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿಗೆ ಏರಿಸಿ, ಎರಡೂ ಕಾಲು ನೀಡಿ, ಕೂಸನ್ನು ಕಣಕಾಲುಗಳ ಮೇಲೆ ಮಲಗಿಸಿಕೊಂಡಳು. ಮೊದಮೊದಲು ಬೆರಳ ತುದಿಯಿಂದಷ್ಟೇ ಮುಟ್ಟಿದಳು. ಎಣ್ಣೆ ಹಚ್ಚಿ ಎದೆ, ತೋಳು, ತೊಡೆ ತಿಕ್ಕುತ್ತ ತಿಕ್ಕುತ್ತ ಇಡೀ ಅಂಗೈ ಊರಿದಳು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿದಳು. ಒಂದು ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ಕಣ್ಣಿಗೆ ಒಂದು ಹನಿಯೂ ಇಳಿಯದಂತೆ ತಲೆಗೆ ಎರೆದಳು. ಕಿರುಚುತ್ತಿದ್ದ ಕೂಸು ನಡುವೆ ಒಮ್ಮೆ ಆಕಳಿಸಿತು. ಒರೆಸಿ, ಬಿಗಿಯಾಗಿ ಸುತ್ತಿ ತಾಯಿಯ ಕೈಗೆ ಕೊಡುವ ಹೊತ್ತಿಗೆ ನಿದ್ದೆ ಹೋಗಿತ್ತು. ಹೆಣ್ಣು ಕೂಸು. ರುವಾತಿ ಬಗ್ಗಿ ಅದರ ನೆತ್ತಿ ಮೂಸಿದಳು.

ಅಂದು ಇಡೀ ದಿನ ಮುರುಗೆವ್ವ ಬಟ್ಟೆ ಒಗೆಯಲಿಲ್ಲ. ಮರುದಿನ ಮುಂಜಾನೆ ತಾಯಿ ಕೂಸನ್ನೆತ್ತಿಕೊಂಡು ಬಂದು, ಅದು ಆರಾಮಾಗಿರುವುದನ್ನು ಕಂಡ ಮೇಲೆಯೇ ಅವಳು ಚಹಾ ಕುಡಿದದ್ದು ಎಂದು ಕರೆಪ್ಪ ನನಗೆ ಹೇಳಿದ. ಆಮೇಲೆ ಅದು ದಿನದ ಕೆಲಸವಾಯಿತು. ಕತ್ತಿನ ಕೆಂಪು ಮಾಯಿತು. ರುವಾತಿ ಕೊಡಬಂದ ಹಣವನ್ನು ಇವಳು ಮುಟ್ಟಲಿಲ್ಲ. ಅವಳು ಇವಳನ್ನು 'ಅವ್ವಾ' ಎನ್ನಲು ಕಲಿತಳು. ಇವಳು ಅವಳನ್ನು 'ರೂತವ್ವ' ಮಾಡಿದಳು. ಕೂಸಿಗೆ ಅವರಿಟ್ಟ ಹೆಸರಿಗೆ ನಾಲಿಗೆ ಹೊರಳದೆ 'ಚಿನ್ನಿ' ಎಂದಳು.

ಹೀಗಿರುವಾಗ ಒಂದು ದಿನ ರುವಾತಿ ಬರಲಿಲ್ಲ. ಮುರುಗೆವ್ವ ಕಾಯಿಸಿದ ನೀರು ಆರಿತು. ಮತ್ತೆ ಕಾಯಿಸಿದಳು, ಮತ್ತೆ ಆರಿತು. ಮರುದಿನವೂ ಬರಲಿಲ್ಲ. ನಾನು ಫೋನು ಹಚ್ಚಿದರೆ ಹತ್ತಲಿಲ್ಲ.

"ನಾ ಹೇಳಿದ್ದಿಲ್ರಿ ನಿಮಗ?" ಎಂದಳು ಮುರುಗೆವ್ವ. "ಮುಟ್ಟಬಾರದಿತ್ತು ನಾ."

ಅಂಗಡಿಗೆ ಬಾಗಿಲು ಹಾಕಿ ಅವಳನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹೊರಟೆ. ರುವಾತಿಯ ಕೋಣೆ ಒಂದು ಹಳೆಯ ಕಟ್ಟಡದ ಮೇಲಿತ್ತು. ಮುರುಗೆವ್ವ ಮೆಟ್ಟಿಲ ಬುಡದಲ್ಲೇ ಕೂತುಬಿಟ್ಟಳು. "ನಾ ಮ್ಯಾಲ ಬರಂಗಿಲ್ರಿ. ನೀವ ನೋಡಿ ಬರ್ರಿ."

ನಾನು ಹತ್ತಿ ಹೋಗಿ ಬಾಗಿಲು ತಟ್ಟಿದೆ. ರುವಾತಿ ತೆಗೆದಳು. ನಿದ್ದೆಗೆಟ್ಟು ಕಣ್ಣು ಬಾತಿದ್ದವು. ಹಿಂದೆ ಹಾಸಿಗೆಯ ಮೇಲೆ ಕೂಸು ಮಲಗಿತ್ತು. ಉಸಿರಾಟಕ್ಕೆ ಹೊಟ್ಟೆ ಏರಿಳಿಯುತ್ತಿತ್ತು. ಸರಕಾರಿ ದವಾಖಾನೆಯಲ್ಲಿ ಲಸಿಕೆ ಹಾಕಿಸಿದ್ದರು. ಅದರ ಜ್ವರ. ಸೂಜಿ ಚುಚ್ಚಿದ ತೊಡೆ ಬಾತು, ಕೂಸು ರಾತ್ರಿಯಿಡೀ ಅತ್ತಿತ್ತು. ಜ್ವರ ಬರುತ್ತದೆ, ಹೆದರಬೇಡ ಎಂದು ನರ್ಸು ಮೊದಲೇ ಹೇಳಿ ಔಷಧ ಕೊಟ್ಟಿದ್ದಳಂತೆ. ಈಗ ಜ್ವರ ಇಳಿದಿತ್ತು. ಫೋನು ಕೆಟ್ಟು ಕೂತಿತ್ತು, ಅಷ್ಟೇ.

ನಾನು ಮೆಟ್ಟಿಲ ಕಟಾಂಜನದಿಂದ ಕೆಳಗೆ ಬಗ್ಗಿ ಕೂಗಿದೆ: "ಮುರುಗೆವ್ವಾ, ಸೂಜಿ ಹಾಕ್ಸ್ಯಾರ. ಅದರ ಜ್ವರ ಬಂದಿತ್ತು, ಈಗ ಇಳದೈತಿ. ಆರಾಮದಾಳ ನಿನ್ನ ಚಿನ್ನಿ!"

ಅವಳು ಏಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತು ಅತ್ತಳು. ಆ ದಾರಿಯಲ್ಲಿ ಹೋಗುತ್ತಿದ್ದ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ, ಏನಾಯಿತೆಂದು ಕೊಂಕಣಿಯಲ್ಲಿ ಕೇಳಿದಳು. ಮುರುಗೆವ್ವ ಅಳುತ್ತಲೇ, "ಕಾಯ್ ನಾ, ಕಾಯ್ ನಾ," ಎಂದಳು, ಏನೂ ಇಲ್ಲ ಎಂದು.

ಮೇಲೆ ಬಂದವಳು ಕೂಸಿನ ಹಣೆ, ಹೊಟ್ಟೆ, ಪಾದ ಮುಟ್ಟಿ ನೋಡಿದಳು. ರುವಾತಿ ಆಸೆಯಿಂದ, "ಅವ್ವಾ, ವಾಶ್?" ಎಂದಳು.

"ಇವತ್ತ ಬ್ಯಾಡ ಮಗಳ. ಬರೇ ಒರಸೂಣು," ಎಂದು ಮುರುಗೆವ್ವ ಉಗುರುಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ, ಬಾತ ತೊಡೆಯನ್ನು ಬಿಟ್ಟು ಮೈಯೆಲ್ಲ ಒರೆಸಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ರುವಾತಿಯ ಗಂಡನಿಗೆ ಪಣಜಿಯಲ್ಲೇ ಒಂದು ಮನೆ ಸಿಕ್ಕಿತು. ಅವರು ಹೊರಡುವ ಸುದ್ದಿ ಕೇಳಿದ ದಿನದಿಂದ ಮುರುಗೆವ್ವ ರುವಾತಿಯನ್ನೇ ಮಣೆಯ ಮೇಲೆ ಕೂಡಿಸತೊಡಗಿದಳು. ಅವಳ ಕಾಲು ಸರಿಯಾಗಿ ನೀಡಿಸಿದಳು. ಕೈ ಹಿಡಿದು ಎಣ್ಣೆ ತಿಕ್ಕಿಸಿದಳು. ನೀರು ಮೂಗಿಗೆ ಹೋಗಿ ಚಿನ್ನಿ ಸೀನಿದಾಗ ಮುರುಗೆವ್ವನ ಕೈ ತಾನಾಗಿ ಮುಂದೆ ಹೋಯಿತು, ಹಿಂದೆಳೆದು ಮಡಿಲಲ್ಲಿಟ್ಟುಕೊಂಡಳು. "ಮಾಡ್ಲಿ ತಗೋರಿ, ಆಕಿ ಕೂಸು," ಎಂದು ನನಗೆ ಹೇಳಿದಳು. ನಾನೇನೂ ಕೇಳಿರಲಿಲ್ಲ.

ಅವರು ಟ್ಯಾಕ್ಸಿಯಲ್ಲಿ ಹೋದ ದಿನ ಮುರುಗೆವ್ವ ಎರಡು ತಾಸು ಬಟ್ಟೆ ಒಗೆದಳು. ಆಮೇಲೆ ಒದ್ದೆ ಕೈಯಲ್ಲೇ ಅಂಗಡಿಗೆ ಬಂದಳು.

"ಫೋನ್ ಹಚ್ಚಿ ಕೊಡ್ರಿ ರೂತವ್ವಗ. ಆಕಿ ನೀರು ಭಾಳ ಬಿಸಿ ಇಡತಾಳ. ಹೇಳಾಕ ಮರತೆ."

ಹಚ್ಚಿ ಕೊಟ್ಟೆ. ಫೋನನ್ನು ಬಾಯಿಯ ಮುಂದೆ ಹಿಡಿದು, ಪಣಜಿಯವರೆಗೆ ಕೂಗಿಯೇ ಕೇಳಿಸುವವಳ ಹಾಗೆ ಅಚ್ಚ ಕನ್ನಡದಲ್ಲಿ ಶುರುಮಾಡಿದಳು: ನೀರು ಹದವಾಗಿರಬೇಕು, ಮೊಣಕೈ ಅದ್ದಿ ನೋಡಬೇಕು, ಎರೆದ ಮೇಲೆ ಫ್ಯಾನು ಹಾಕಬಾರದು, ಕಿವಿಯ ಹಿಂದೆ ಒರೆಸುವುದು ಮರೆಯಬಾರದು. ರುವಾತಿಗೆ ಅದರಲ್ಲಿ ಒಂದು ಮಾತಾದರೂ ತಿಳಿಯಿತೋ ಇಲ್ಲವೋ. ಪ್ರತಿ ಮಾತಿಗೂ ಆ ಕಡೆಯಿಂದ, "ಓಕೆ ಅವ್ವಾ, ಓಕೆ ಅವ್ವಾ," ಎಂಬ ದನಿ ನನಗೂ ಕೇಳಿಸುತ್ತಿತ್ತು.