ಅಕ್ಕನ ಸೊಂಟದ ಅಳತೆ

ನನ್ನ ಅಕ್ಕನನ್ನು ನೋಡಲು ಬಂದವರು ಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ. ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮನೆಯವರು, ಹುಡುಗ ಒಬ್ಬನೇ ಮಗ. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನಗುನಗುತ್ತಲೇ ಕಾರು ಹತ್ತಿದರು. ಎರಡು ದಿನ ಬಿಟ್ಟು, ಸಂಬಂಧ ತಂದಿದ್ದ ಸೋದರಮಾವ ಅಮ್ಮನಿಗೆ ಫೋನ್ ಮಾಡಿದರು.

"ಗುಣ, ಓದು ಎಲ್ಲಾ ಒಪ್ಪಿಗೆಯಂತೆ. ಮೈ ಸ್ವಲ್ಪ ಜಾಸ್ತಿ ಆಯ್ತು ಅಂತಾರೆ. ಮುಂದಿನ ತಿಂಗಳು ಅವರ ಮನೇಲಿ ಒಂದು ಪೂಜೆ ಇದ್ಯಂತೆ, ಅಲ್ಲಿಗೆ ಕರ್ಕೊಂಡು ಬನ್ನಿ. ಇನ್ನೊಂದ್ಸಲ ನೋಡ್ತಾರಂತೆ."

ಫೋನ್ ಸ್ಪೀಕರಿನಲ್ಲಿತ್ತು. ಅಕ್ಕ ಅಲ್ಲೇ ಕೂತಿದ್ದಳು.

ಕಳಸದ ಹತ್ತಿರ ನಮ್ಮದು ಆರು ಎಕರೆ ಕಾಫಿ. ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ತೋಟ ನೋಡಿಕೊಂಡವಳು ಅಕ್ಕನೇ. ಆಳುಗಳಿಗೆ ಕೆಲಸ ಹಂಚುವುದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸುವುದು, ಒಣಗಿದ ಕಾಫಿಯ ಮೂಟೆಗೆ ಹೆಗಲು ಕೊಟ್ಟು ಪಿಕಪ್‌ಗೆ ಏರಿಸುವುದು, ಆಮೇಲೆ ತಾನೇ ಡ್ರೈವ್ ಮಾಡಿಕೊಂಡು ಪೇಟೆಗೆ ಹೋಗುವುದು. ಮೈಕೈ ಆ ಕೆಲಸಕ್ಕೆ ತಕ್ಕಂತಿತ್ತು, ಊಟವೂ ಹಾಗೆಯೇ. ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು, ಚಿಕ್ಕಮಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದೆ, ಕಡ್ಡಿಯಂತಿದ್ದೆ. ನೆಂಟರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, "ತಂಗೀದೇ ಮೊದಲು ಆಗ್ತದೆ ನೋಡಿ" ಎಂದು ನಗುತ್ತಿದ್ದರು. ನಾನು ನಾಚಿದಂತೆ ಮಾಡುತ್ತಿದ್ದೆ. ಒಳಗೊಳಗೆ ಅದು ನನಗೆ ಹಿತವಾಗಿತ್ತು ಎಂಬುದನ್ನು ಈಗ ಮುಚ್ಚಿಡುವುದಿಲ್ಲ.

ಶೇಪ್‌ವೇರ್ ಎಂಬುದನ್ನು ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದವಳೂ ನಾನೇ. ಎದೆಯ ಕೆಳಗಿನಿಂದ ಮೊಣಕಾಲಿನವರೆಗೆ ಮೈಯನ್ನು ಅದುಮಿ ಹಿಡಿಯುವ ಬಟ್ಟೆ. ಮೇಲೆ ಸೀರೆ ಉಟ್ಟರೆ ಗೊತ್ತೇ ಆಗುವುದಿಲ್ಲ. ಒಂದು ಸೈಜ್ ಚಿಕ್ಕದು ಕೊಂಡರೆ ಇನ್ನೂ ತೆಳ್ಳಗೆ ಕಾಣುತ್ತದೆ ಎಂದು ಯಾರೋ ಬರೆದಿದ್ದರು. ನಾನು ಎರಡು ಸೈಜ್ ಚಿಕ್ಕದನ್ನು ತರಿಸಿದೆ.

"ಇದು ಸುಳ್ಳು ಹೇಳಿದ ಹಾಗಲ್ವಾ ಅಮ್ಮ?" ಎಂದಳು ಅಕ್ಕ.

"ಪೌಡರ್ ಹಚ್ಕೊಳ್ಳೋದು ಸುಳ್ಳಾ? ಇದೂ ಹಂಗೇ ಮಾರಾಯ್ತಿ."

ಅಕ್ಕ ವಾದ ಮಾಡಲಿಲ್ಲ. ಆ ಹುಡುಗ ಅವಳಿಗೆ ಇಷ್ಟವಾಗಿದ್ದ. ಬಂದ ದಿನ ಎಲ್ಲರೂ ಅಡುಗೆ ಬರುತ್ತದೆಯೇ ಎಂದು ಕೇಳುತ್ತಿದ್ದಾಗ, ಅವನೊಬ್ಬನೇ ಪಲ್ಪರ್ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದು ಕೇಳಿದ್ದ. "ನಾನೇ" ಎಂದಾಗ ಕಣ್ಣರಳಿಸಿದ್ದನಂತೆ. ಅದನ್ನು ಅವಳು ನನಗೆ ಮೂರು ಸಲ ಹೇಳಿದ್ದಳು.

ಪೂಜೆಯ ದಿನ ಬೆಳಿಗ್ಗೆ ಅಮ್ಮ ಒಂದು ಕಡೆ, ನಾನೊಂದು ಕಡೆ ಹಿಡಿದು ಎಳೆದೆವು. ಅಕ್ಕ ಗೋಡೆಗೆ ಕೈಕೊಟ್ಟು ಉಸಿರು ಒಳಗೆಳೆದುಕೊಂಡು ನಿಂತಿದ್ದಳು. ಏರಿಸುವಷ್ಟರಲ್ಲಿ ಮೂವರೂ ಬೆವತಿದ್ದೆವು. ದಾರಿಯಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಇಳಿದಾಗ ಅಮ್ಮ ಅವಳ ಮುಂದಿನ ತಟ್ಟೆಯನ್ನು ನನ್ನ ಕಡೆ ಸರಿಸಿ, "ನೀನು ಬೇಡ, ಹೊಟ್ಟೆ ಕಾಣ್ತದೆ" ಎಂದರು. ನಾನು ಎರಡೂ ತಟ್ಟೆಯದನ್ನು ತಿಂದೆ.

ಮೂಡಿಗೆರೆಯಲ್ಲಿ ಹುಡುಗನ ಅಮ್ಮ ಕುಂಕುಮ ಕೊಡುವ ನೆಪದಲ್ಲಿ ಅಕ್ಕನ ಸೊಂಟದ ಮೇಲೆ ಕೈಯಿಟ್ಟು, ಹಾಗೇ ಬೆನ್ನಿನವರೆಗೆ ಸವರಿದರು. ಸಂತೆಯಲ್ಲಿ ಹಸುವಿನ ಬೆನ್ನು ಮುಟ್ಟಿ ನೋಡುವವರ ಕೈ ಅದು. "ಒಂದು ತಿಂಗಳಲ್ಲಿ ಎಷ್ಟು ಇಳಿದಿದ್ದಾಳೆ!" ಎಂದರು. ಮದುವೆ ಗೊತ್ತಾಯಿತು.

ಒಮ್ಮೆ ತೆಳ್ಳಗೆ ಕಂಡ ಮೇಲೆ ದಪ್ಪಗೆ ಕಾಣುವ ಹಾಗಿರಲಿಲ್ಲ. ನಿಶ್ಚಿತಾರ್ಥ, ಸೀರೆ ಆರಿಸುವುದು, ಅವರ ಕಡೆಯ ಎರಡು ಮದುವೆಗಳು, ಎಲ್ಲದಕ್ಕೂ ಅದೇ. ಮನೆಗೆ ಬಂದು ಕಳಚಿದಾಗ ಹೊಟ್ಟೆಯ ಸುತ್ತ ಕೆಂಪು ಬಾಸುಂಡೆ ಎದ್ದಿರುತ್ತಿದ್ದವು. ನಾನು ಕೊಬ್ಬರಿ ಎಣ್ಣೆ ಸವರುತ್ತಿದ್ದೆ. ಅವಳು ಕಣ್ಣು ಮುಚ್ಚಿ, "ಮದುವೆ ಒಂದು ಆಗ್ಲಿ, ಆಮೇಲೆ ಅವರಿಗೆ ನಾನೇ ಹೇಳ್ತೀನಿ" ಎನ್ನುತ್ತಿದ್ದಳು.

ಮದುವೆ ಏಪ್ರಿಲ್‌ನಲ್ಲಿ, ಮೂಡಿಗೆರೆಯ ಕಲ್ಯಾಣಮಂಟಪದಲ್ಲಿ. ಬಾತ್‌ರೂಮಿಗೆ ಹೋಗಲು ಪದೇಪದೇ ಅದನ್ನು ಬಿಚ್ಚಿ ಹಾಕಲಾಗದೆಂದು ಅಕ್ಕ ಬೆಳಗಿನಿಂದ ನೀರೇ ಕುಡಿದಿರಲಿಲ್ಲ. ಮಧ್ಯಾಹ್ನ ಫೋಟೋಗೆ ನಿಂತಿದ್ದಾಗ ನನ್ನ ಕಿವಿಯ ಹತ್ತಿರ ಬಾಗಿ, "ಉಸಿರು ಸಿಗ್ತಾ ಇಲ್ಲ ಕಣೆ" ಎಂದಳು.

"ಇನ್ನರ್ಧ ಗಂಟೆ ತಡ್ಕೋ. ಅವರ ಕಡೆಯವರೆಲ್ಲ ಇದ್ದಾರೆ" ಎಂದೆ.

ಅರ್ಧ ಗಂಟೆ ಆಗಲಿಲ್ಲ. ಯಾರೋ ದಂಪತಿ ಉಡುಗೊರೆ ಕೊಡುತ್ತಿದ್ದಾಗ ಅವಳು ನಿಂತಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ನರ್ಸ್ ಸೀರೆ ಸಡಿಲಿಸಿ, ಕತ್ತರಿ ತಂದು ಆ ಬಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಕತ್ತರಿಸಿದರು. ಅಡಗಿದ್ದ ಹೊಟ್ಟೆ ನಿಧಾನವಾಗಿ ಹೊರಗೆ ಬಂತು. ಎರಡು ಮೂರು ಕಡೆ ಚರ್ಮ ಸುಲಿದಿತ್ತು. "ಯಾರು ಹಾಕಿದ್ದು ಇದನ್ನ? ನಿಮ್ಮನೇಲಿ ಅಳತೆ ಗೊತ್ತಿರೋರು ಯಾರೂ ಇಲ್ವಾ?" ಎಂದು ಕೇಳಿದರು. ಅಮ್ಮ ನನ್ನನ್ನು ನೋಡಿದರು. ನಾನು ಡ್ರಿಪ್ ಬಾಟಲಿಯನ್ನು ನೋಡಿದೆ.

ಪರದೆಯ ಆಚೆ ಭಾವ ಮತ್ತು ಅವರ ಅಮ್ಮ ನಿಂತಿದ್ದರು. ಎಲ್ಲ ಕೇಳಿಸಿಕೊಂಡ ಅತ್ತೆ, ಹೊರಗೆ ಬಂದ ಅಮ್ಮನನ್ನು ಕೇಳಿದರು: "ಹಂಗಾದ್ರೆ ಅವತ್ತು ನಾವು ಒಪ್ಪಿದ್ದು ಯಾರನ್ನ?"

ಅಮ್ಮ ಕೈಮುಗಿದು, "ತಪ್ಪಾಯ್ತು" ಎಂದರು. ಒಳಗೆ ಮಗಳು ಮಲಗಿದ್ದಾಗ, ಅವಳ ಹೊಟ್ಟೆಗಾಗಿ ನಮ್ಮಮ್ಮ ಕ್ಷಮೆ ಕೇಳಿದರು. ಭಾವ ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ಮೊಬೈಲ್ ನೋಡುತ್ತಾ ನೀರಿನ ಬಾಟಲಿ ತರಲು ಹೋದರು.

ಮದುವೆ ಮುರಿಯಲಿಲ್ಲ. ಎಲ್ಲರೂ ಅದನ್ನು ಅವರ ದೊಡ್ಡತನ ಎಂದರು. ಆ ದೊಡ್ಡತನದಲ್ಲಿ ಅಕ್ಕ ಎರಡು ವರ್ಷದಿಂದ ಬದುಕುತ್ತಿದ್ದಾಳೆ. ಅತ್ತೆ ಈ ಸಲ ಸರಿಯಾದ ಸೈಜಿನದನ್ನು ತಾವೇ ತರಿಸಿಕೊಟ್ಟರಂತೆ. ತಟ್ಟೆಗೆ ಅನ್ನ ಬಡಿಸುವವರೂ ಅವರೇ. ಬೆಳಿಗ್ಗೆ ಮೈದಾನದ ಸುತ್ತ ನಡಿಗೆ, ಪ್ರತಿ ಭಾನುವಾರ ಅಂಗಡಿಯ ತೂಕದ ಯಂತ್ರ. ಅಂಗಡಿಯಲ್ಲಿ ಕೂರುತ್ತೇನೆ, ಮೋಟಾರು ಪಂಪು ನನಗೆ ಗೊತ್ತು ಎಂದು ಅವಳು ಕೇಳಿದ್ದಕ್ಕೆ ಭಾವ, "ಮೊದಲು ಸ್ವಲ್ಪ ಇಳಿ, ಆಮೇಲೆ ನೋಡೋಣ. ನಾಲ್ಕು ಜನ ಬರೋ ಜಾಗ" ಎಂದರಂತೆ. ಅವಳು ಫೋನಿನಲ್ಲಿ ಇದನ್ನು ಹೇಳಿದಾಗ ಅಳಲಿಲ್ಲ. ನನ್ನನ್ನು ಬೈದಿದ್ದರಾದರೂ ಸಮಾಧಾನವಾಗುತ್ತಿತ್ತು.

ಕಳೆದ ತಿಂಗಳು ನಾಲ್ಕು ದಿನಕ್ಕೆಂದು ಮನೆಗೆ ಬಂದಿದ್ದಳು. ನಿಜಕ್ಕೂ ಇಳಿದಿದ್ದಾಳೆ. ಕುತ್ತಿಗೆಯ ಮೂಳೆ ಕಾಣುತ್ತದೆ, ಕೂದಲು ತೆಳುವಾಗಿದೆ, ಮೆಟ್ಟಿಲು ಹತ್ತಿ ನಿಂತು ಸುಧಾರಿಸಿಕೊಳ್ಳುತ್ತಾಳೆ. ನೆಂಟರು ಬಂದು, "ಈಗ ನೋಡಿ, ಎಷ್ಟು ಲಕ್ಷಣವಾಗಿದ್ದಾಳೆ" ಎಂದು ಹೋದರು. ಅಮ್ಮನ ಮುಖ ಅರಳಿತು. ಅವಳ ರವಿಕೆಯ ಸಡಿಲವನ್ನು ಎರಡು ಬೆರಳಲ್ಲಿ ಹಿಡಿದು, "ಇನ್ನೊಂಚೂರು ಇಳಿದ್ರೆ ಆಯ್ತು" ಎಂದರು.

"ಸಾಕು ಅಮ್ಮ. ಅವಳು ಸಾಯ್ತಾಳೆ ಹಿಂಗೇ ಆದ್ರೆ" ಎಂದೆ. ದನಿ ಏರಿತ್ತು.

ಅಮ್ಮ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಂಗೇನು, ಹೇಳ್ತೀಯ. ನಿನ್ನನ್ನ ಯಾರಾದ್ರೂ ಬೇಡ ಅಂದಿದ್ದಾರಾ?"

ನಾನು ಅಕ್ಕನ ಕಡೆ ನೋಡಿದೆ, ನನ್ನ ಪರವಾಗಿ ಒಂದು ಮಾತಾಡಲೆಂದು. ಅವಳು ಸೆರಗು ಹೊದ್ದುಕೊಂಡು, "ಅಮ್ಮ ಹೇಳಿದ್ದು ಸರಿ ಕಣೆ" ಎಂದಳು.